ಎಡಕ್ಕೂ ಬಲಕ್ಕೂ ತಾಳೆ ನೋಡಿ ಹಿಡಿದ ಕೆಚ್ಚಲು ಬಾವು

ಮೇಕೆಗೆ ಸಿಎಂಟಿ (ತಟ್ಟೆಯ ಬಟ್ಟಲುಗಳಲ್ಲಿ ಹಾಲಿಗೆ ದ್ರಾವಣ ಬೆರೆಸಿ, ಲೋಳೆ ಕಟ್ಟುತ್ತಾ ನೋಡಿ ಕೆಚ್ಚಲು ಬಾವು ಹಿಡಿಯುವ ಪರೀಕ್ಷೆ) ನಡೆಯಲ್ಲ, ಚೆನ್ನಾಗಿರುವ ಹಾಲೂ ಲೋಳೆ ಕಟ್ಟುತ್ತೆ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅರ್ಧ ನಿಜವೇ. ಮೇಕೆ ಹಾಲಿನಲ್ಲಿ ಲೋಳೆ ಕಟ್ಟಿಸುವ ಜೀವಕೋಶದ ಎಣಿಕೆ ಹುಟ್ಟಿನಿಂದಲೇ ಜಾಸ್ತಿ. ಹಸುವಿನ ಪಟ್ಟಿ ಹಿಡಿದು ಓದಿದರೆ ಅರ್ಧ ಕೊಟ್ಟಿಗೆಗೆ ರೋಗ ಅನ್ನಬೇಕಾಗುತ್ತೆ. ಹಾಗೇ ಓದಿ, ತೆಳು ಲೋಳೆ ಕಂಡಿದ್ದಕ್ಕೆಲ್ಲ ತೊಟ್ಟಿಗೆ ಔಷಧಿ ಟ್ಯೂಬ್ ಏರಿಸಿ ಹಾಲು ಚೆಲ್ಲಿದವನು ನಾನೇ.

ಈಗ ಮಟ್ಟ ನೋಡುವುದಿಲ್ಲ, ಎರಡು ಪಕ್ಕದ ಅಂತರ ನೋಡುತ್ತೇನೆ. ಎರಡೂ ಬಟ್ಟಲಲ್ಲಿ ಒಂದೇ ಥರದ ತೆಳು ಲೋಳೆ ಇದ್ದರೆ ಬಿಟ್ಟುಬಿಡುತ್ತೇನೆ. ಒಂದು ನೀರಿನಂತೆ ಹರಿದಾಡುತ್ತಾ ಇನ್ನೊಂದು ತಳಕ್ಕೆ ಕಚ್ಚಿಕೊಂಡು ನಡುವೆ ಗುಡ್ಡೆ ಕಟ್ಟಿದರೆ ಆ ಪಕ್ಕ ಕೆಟ್ಟಿದೆ. ಎರಡೂ ಗುಡ್ಡೆ ಕಟ್ಟಿದರೆ ಊಹೆ ಮಾಡಬೇಡಿ, ಮಾದರಿಯನ್ನು ಲ್ಯಾಬಿಗೆ ಕಳಿಸಿ. ಮೊದಲ ನಾಲ್ಕೈದು ಧಾರೆ ಚೆಲ್ಲಿ, ಎರಡೂ ಕಡೆಯಿಂದ ಸುಮಾರು 2 ಎಂಎಲ್ ಹಾಲು, ಅಷ್ಟೇ ದ್ರಾವಣ, 10 ಸೆಕೆಂಡ್ ತಿರುವುವುದು. ತಿರುವುತ್ತಿರುವಾಗಲೇ ಓದಬೇಕು; ಪಕ್ಕಕ್ಕಿಟ್ಟು ಬಂದು ನೋಡಿದರೆ ತೆಳು ಲೋಳೆ ಕರಗಿ ಹೋಗಿರುತ್ತೆ. ಮರಿ ಹಾಕಿದ ಮೊದಲ ಮೂರು ದಿನ ತಟ್ಟೆ ಮುಟ್ಟುವುದೇ ದಂಡ, ಗಿಣ್ಣು ಹಾಲು ಹೇಗಿದ್ದರೂ ಗಟ್ಟಿಯಾಗುತ್ತೆ. ನಾನು 4, 7, 10, 14ನೇ ದಿನ ಮಾಡುತ್ತೇನೆ.

ಆ ಮೂರು ದಿನ ಕೈಯೇ ಸಾಧನ. ಆದರೆ ಕೆಚ್ಚಲನ್ನು ಹಿಂಡಿದ ಮೇಲೆ ಮುಟ್ಟಬೇಕು. ತುಂಬಿದ ಕೆಚ್ಚಲು ಎಲ್ಲವನ್ನೂ ಮುಚ್ಚಿಡುತ್ತೆ. ಖಾಲಿಯಾದದ್ದು ಹಿಂಡಿದ ಬಟ್ಟೆಯಂತೆ ಜೋತು ಬಿದ್ದಿರಬೇಕು. ತೊಟ್ಟಿನ ಬುಡದ ಮೇಲೆ ಅಡಿಕೆ ಗಾತ್ರದ ಗಂಟು ಉಳಿದಿದ್ದರೆ ಅದೇ ಶುರು. ಮರಿಗಳನ್ನೂ ನೋಡಿ. ಒಂದೇ ಕಡೆ ತಲೆ ತೂರಿಸಿ ಇನ್ನೊಂದು ಕಡೆ ಹೋಗದಿದ್ದರೆ, ಹೋದರೂ ತಾಯಿ ಒದ್ದರೆ, ಆ ಕಡೆ ನೋವಿದೆ.

ಈದ ಹೊಸದರಲ್ಲಿ ಬರುವ ಕೆಚ್ಚಲಿನ ಊತ ನೋಡಿ ಹೆದರಿ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು. ಎರಡೂ ಪಕ್ಕ ಒಂದೇ ಸಮ ಬಿಗಿ, ಹೆಬ್ಬೆರಳು ಒತ್ತಿದರೆ ಗುಳಿ ಉಳಿಯುತ್ತೆ, ಹಾಲು ಸರಿಯಿದೆ, ಮೇವು ತಿನ್ನುತ್ತಿದೆ, ಜ್ವರ 103 ಫ್ಯಾರನ್‌ಹೀಟ್ ದಾಟಿಲ್ಲ ಅಂದರೆ ಅದು ಬರೀ ನೀರೂತ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕರೆದು, ಕೆಳಗಿನಿಂದ ಮೇಲಕ್ಕೆ ನೀವಿ, ಓಡಾಡಿಸಿದರೆ ಇಳಿಯುತ್ತೆ. ಹಾಲು ನಸುಗೆಂಪಾದರೂ ಅಷ್ಟೇ: ಲೋಟದಲ್ಲಿ ಅಲುಗಿಸದೆ ಇಟ್ಟಾಗ ಕೆಂಪು ತಳಕ್ಕೆ ಕೂತರೆ ಒಡೆದ ಸಣ್ಣ ನಾಳದ ರಕ್ತ, ಸಾಮಾನ್ಯವಾಗಿ ಕೆಲವೇ ದಿನದಲ್ಲಿ ನಿಲ್ಲುತ್ತೆ.

ಕಾಯದೆ ಓಡಬೇಕಾದದ್ದು ಬೇರೆ. ಆ ಪಕ್ಕದ ಹಿಂಗಾಲು ಎಳೆಯುತ್ತೆ, ಮೇವು ಬಿಡುತ್ತೆ, ಜ್ವರ 105 ದಾಟುತ್ತೆ, ಆಮೇಲೆ ಕೆಚ್ಚಲು ತಣ್ಣಗಾಗಿ ನೀಲಿಗಟ್ಟುತ್ತೆ, ಹಿಂಡಿದರೆ ಕೆಂಪು ನೀರು. ಕೊಳೆಯುವ ಬಾವು ಅದು, ಗಂಟೆಗಳ ಲೆಕ್ಕ. ಆ ಪಕ್ಕ ಹೋದಂತೆಯೇ ಲೆಕ್ಕ. ಉಳಿಸಲು ನೋಡುವುದು ಜೀವ. ಬಿಸಿ ಶಾಖ ಕೊಡುತ್ತಾ ಕೂರದೆ ಡಾಕ್ಟರನ್ನು ಕರೆಸಿ.

ನಡುವೆ ಬಟ್ಟೆ ಒಗೆಯುವ ಪುಡಿಯ ಪ್ರಯೋಗವನ್ನೂ ಮಾಡಿದ್ದೇನೆ. 100 ಎಂಎಲ್ ನೀರಿಗೆ 3 ಗ್ರಾಂ ಪುಡಿ, ಅದಕ್ಕೆ ಸಮ ಹಾಲು. ಗಂಟು ಕಟ್ಟುವುದು ನಿಜ, ಸಿಎಂಟಿ ದ್ರಾವಣಕ್ಕಿಂತ ನಿಧಾನ. ಪುಡಿ ಬದಲಾದರೆ ಓದುವ ಕಣ್ಣೂ ಬದಲಾಗಬೇಕು. ಹಾಲು ಸೋಕಿದರೆ ಬಣ್ಣ ಬದಲಾಗುವ ಪರೀಕ್ಷಾ ಕಾಗದ ನನಗೆ ಉಪಯೋಗಕ್ಕೆ ಬರಲಿಲ್ಲ. ಅದು ಬಣ್ಣ ತಿರುಗುವ ಹೊತ್ತಿಗೆ ಕಪ್ಪು ಬಟ್ಟಲಿಗೆ ಕರೆದ ಹಾಲಲ್ಲಿ ಹೆಪ್ಪಿನ ಚೂರುಗಳೇ ಕಾಣುತ್ತಿದ್ದವು.

ಕೆಟ್ಟ ಪಕ್ಕ ಗೊತ್ತಾದ ಮೇಲೆ ಔಷಧಿಗೂ ಮೊದಲು ಸ್ಪಿರಿಟ್ ಹತ್ತಿಯಿಂದ ತೊಟ್ಟಿನ ತುದಿ ಒರೆಸಿ, 5 ಎಂಎಲ್ ಹಾಲನ್ನು ಶುದ್ಧ ಬಾಟಲಿಗೆ ಹಿಡಿದು ತಂಪಲ್ಲಿ ಇಡಿ. ಟ್ಯೂಬ್ ಏರಿಸಿದ ಮೇಲೆ ಹಿಡಿದ ಮಾದರಿಯಲ್ಲಿ ರೋಗಾಣು ಬೆಳೆಯದೆ ಇರಬಹುದು. ಟ್ಯೂಬ್ ಮೂತಿ 3 ಮಿಲಿಮೀಟರಿಗಿಂತ ಒಳಗೆ ಹೋಗಬಾರದು. ಪೂರ್ತಿ ತೂರಿಸಿದರೆ ರಂಧ್ರದ ಒಳಪದರ ಹರಿದು ಹೊಸ ರೋಗಾಣುವಿಗೆ ದಾರಿಯಾಗುತ್ತೆ. ಒಂದೇ ಟ್ಯೂಬನ್ನು ಎರಡು ಪಕ್ಕಕ್ಕೆ ಹಂಚುವ ಮಿತವ್ಯಯ ಬೇಡ. ಆರೋಗ್ಯದ ಕಡೆಗೂ ರೋಗ ಹೋಗುತ್ತೆ.

ನಷ್ಟ ಟ್ಯೂಬಿನ ಬೆಲೆಯಲ್ಲ, ಚೆಲ್ಲುವ ಹಾಲು. ದಿನಕ್ಕೆ 2 ಲೀಟರಿನ ಮೇಕೆಗೆ 5 ದಿನ ಮದ್ದು, ಮೇಲೆ ಕಡೇಪಕ್ಷ 4 ದಿನ ಹಾಲು ಬಳಸದ ಬಿಡುವು: 18 ಲೀಟರ್ ಚರಂಡಿಗೆ. ಬಿಡುವಿನ ದಿನ ಹಸುವಿಗೆ ಬರೆದದ್ದು ಮೇಕೆಗೆ ಸಾಲದೇ ಇರಬಹುದು, ಡಾಕ್ಟರನ್ನು ಕೇಳಿ.

ಈದಾಗಲೇ ಎರಡೂ ಪಕ್ಕ ಕಲ್ಲಿನಂತಿರುವ, ಬಿಸಿಯಿಲ್ಲದ, ಹಾಲು ಅಷ್ಟಾಗಿ ಇಳಿಯದ ಕೆಚ್ಚಲಿಗೆ ಯಾವ ಟ್ಯೂಬೂ ನಡೆಯುವುದಿಲ್ಲ. ಸಿಎಇ (ಮೇಕೆಗೆ ಕೀಲೂತ, ಮಿದುಳಿನ ಉರಿಯೂತ ತರುವ) ವೈರಸ್ ಅನುಮಾನಿಸಿ ಪರೀಕ್ಷೆ ಮಾಡಿಸಿ. ಅಂಥದರ ಗಿಣ್ಣನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟೇ ಮರಿಗೆ ಕೊಡಬೇಕು.

ತಡೆಗೆ ನನ್ನ ಕ್ರಮ ಸರಳ: ಆರೋಗ್ಯದ್ದು ಮೊದಲು, ರೋಗದ್ದು ಕೊನೆಗೆ, ಒಂದು ಮೇಕೆಗೆ ಒಂದು ಒಣ ಬಟ್ಟೆ, ಕರೆದ ತಕ್ಷಣ ಅಯೋಡಿನ್ ಬಟ್ಟಲಿಗೆ ತೊಟ್ಟು ಅದ್ದುವುದು. ಆಮೇಲೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸುತ್ತೇನೆ, ರಂಧ್ರ ಮುಚ್ಚುವ ತನಕ ಮಲಗಕೂಡದು. ಚಂಚಲದ ಚೊಚ್ಚಲು ಮೇಕೆಯನ್ನು ಅಷ್ಟು ಹೊತ್ತು ನಿಲ್ಲಿಸಲು ಮೇವಿಗೆ ಏನು ಬೆರೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಹೋದ ಎರಡು ಸಲದಲ್ಲಿ ಈದದ್ದು ಇಪ್ಪತ್ತು ಇಪ್ಪತ್ತೆರಡು ಮೇಕೆ. ಗಂಟು ಬೀಳುವ ತನಕ ಹೋದದ್ದು ಒಂದೇ, ಅದೂ ಮರಿ ತೊಟ್ಟು ಕಚ್ಚಿ ಗಾಯ ಮಾಡಿದ್ದರಿಂದ.