ಜಿಂಕೆ ಬೇಟೆಗೆ ತೋಟಾ ತುಂಬುವ ಸಾಮಾನು: ಅಮೆರಿಕದ ಅಂಗಡಿಯಲ್ಲಿ ಕೊಳ್ಳುವುದು ಹೇಗೆ?

ವಿಸ್ಕಾನ್ಸಿನ್‌ನಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವ ಒಂಬತ್ತು ದಿನದ ಸೀಸನ್ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ. ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುವವರು ಬೇಸಿಗೆಯಲ್ಲೇ ಸಾಮಾನು ಹೊಂದಿಸಿಕೊಳ್ಳುವುದು ಒಳ್ಳೆಯದು. ಕ್ಯಾಬೆಲಾಸ್, ಬಾಸ್ ಪ್ರೋ ಶಾಪ್ಸ್‌ನಂಥ ದೊಡ್ಡ ಅಂಗಡಿಗಳಲ್ಲಿ ಇದಕ್ಕೇ ಬೇರೆ ಕಪಾಟುಗಳಿವೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಹಾಗಾಗಿ ಈ ಮಾತೆಲ್ಲ ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ಮಾತ್ರ.

ಮೊದಲು ವೀಸಾ ನೋಡಿಕೊಳ್ಳಿ

ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಅಮೆರಿಕದ ಕೇಂದ್ರ ಕಾನೂನು. ಅದರ ಪ್ರಕಾರ ಖಾಲಿ ಕೇಸು (ತೋಟಾದ ಹಿತ್ತಾಳೆ ಕೊಳವೆ), ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಕೋವಿ ಮದ್ದು, ಗುಂಡು, ಇವು ಒಂದೊಂದೂ ತೋಟಾ ಇದ್ದ ಹಾಗೆಯೇ. ‘ಬಿಡಿ ಸಾಮಾನು ತಾನೇ’ ಅಂದುಕೊಂಡು ಸುಮ್ನೆ ಕೊಂಡುಬಿಡಬೇಡಿ.

ಇದಕ್ಕೆ ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್‌ಗೆ ಮುಂಚೆ ಬೇಟೆ ಸುರಕ್ಷತೆಯ ತರಗತಿ ಮುಗಿಸಿರಬೇಕು. ನಿಮ್ಮ ವೀಸಾ ಬಗ್ಗೆ ಸ್ವಲ್ಪ ಅನುಮಾನ ಇದ್ದರೂ ವಕೀಲರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಪಟ್ಟಿ ಮನೆಯಲ್ಲೇ ಬರೆಯಿರಿ

ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂರುವ ಪ್ರೈಮರ್, ಮದ್ದು, ತುದಿಯಲ್ಲಿ ಗುಂಡು. ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಪ್ರೈಮರ್ ಬೇಗ ಅರ್ಥವಾಗುತ್ತದೆ. ಅಲ್ಲಿ ಕೇಪು ಮಾಡುವ ಕೆಲಸವನ್ನೇ ಇಲ್ಲಿ ಇದು ಮಾಡುತ್ತದೆ.

ಮೊದಲು ಗುಂಡು ಆರಿಸಿ. ಗುಂಡು ತಯಾರಿಸುವ ಕಂಪನಿಗಳೇ ಅಳತೆಯ ಕೈಪಿಡಿ ತರುತ್ತವೆ. ಆ ಗುಂಡಿಗೆ ಯಾವ ಮದ್ದು, ಎಷ್ಟು, ಯಾವ ಪ್ರೈಮರ್ ಅಂತ ಅದರಲ್ಲಿ ಇರುತ್ತದೆ. ಅದನ್ನು ನೋಡಿ ಚೀಟಿ ಬರೆದುಕೊಳ್ಳಿ. ಡಬ್ಬಿಯ ಮೇಲೆ ‘150 ಗ್ರೇನ್’ ಅಂತಿದ್ದರೆ ಅದು ಗುಂಡಿನ ತೂಕ. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಕ್ಯಾಲಿಫೋರ್ನಿಯಾದಲ್ಲಿ ಬೇಟೆಯಾಡುವವರು ಸೀಸವಿಲ್ಲದ ಗುಂಡನ್ನೇ ಕೊಳ್ಳಬೇಕು. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ.

ಮದ್ದಿನ ಹೆಸರು ಅಕ್ಷರ ಅಕ್ಷರ ಓದಿ

ಇಲ್ಲಿ ಅವಸರ ಬೇಡವೇ ಬೇಡ. 1906ರಲ್ಲಿ ಅಮೆರಿಕದ ಸೇನೆಗೆ ಬಂದ .30-06 ಇಂದಿಗೂ ಜಿಂಕೆ ಬೇಟೆಗಾರರ ಮೆಚ್ಚಿನ ತೋಟಾ. ಅದಕ್ಕೆ ಎಷ್ಟೋ ಜನ ಎಚ್4350 ಮದ್ದು ಬಳಸುತ್ತಾರೆ. ಆದರೆ ಐಎಂಆರ್ 4350 ಅಂತಲೂ ಒಂದಿದೆ, ಆಕ್ಯುರೇಟ್ 4350 ಅಂತಲೂ ಇದೆ. ಅಂಕಿ ಒಂದೇ, ಮದ್ದು ಬೇರೆ ಬೇರೆ. ಉರಿಯುವ ವೇಗವೂ ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಒತ್ತಡ ಮಿತಿ ಮೀರಬಹುದು. ಕೋವಿ ಒಡೆದರೆ ಹೋಗುವುದು ನಿಮ್ಮ ಕಣ್ಣು, ನಿಮ್ಮ ಬೆರಳು. ಚೀಟಿಯಲ್ಲಿರುವ ಮದ್ದು ಸಿಗಲಿಲ್ಲ ಅಂದರೆ ಬರಿಗೈಯಲ್ಲಿ ಮನೆಗೆ ಬನ್ನಿ. ‘ಇದೂ ಹೆಚ್ಚುಕಮ್ಮಿ ಅದೇ’ ಅಂತ ಪಕ್ಕದಲ್ಲಿ ನಿಂತವರು ಎಷ್ಟೇ ಪ್ರೀತಿಯಿಂದ ಹೇಳಿದರೂ ಒಪ್ಪಬೇಡಿ.

ಹೊಸಬರು ಒಂದು ಪೌಂಡಿನ ಡಬ್ಬಿ ಕೊಂಡರೆ ಸಾಕು. ಎಂಟು ಪೌಂಡಿನದು ಅಗ್ಗ ಬೀಳುತ್ತದೆ ನಿಜ, ಆದರೆ ನಿಮ್ಮ ಕೋವಿಗೆ ಆ ಮದ್ದು ಒಗ್ಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ ಅಲ್ವಾ?

ಪ್ರೈಮರ್ 100ರ ಡಬ್ಬಿಯಲ್ಲೂ 1,000ದ ಪೆಟ್ಟಿಗೆಯಲ್ಲೂ ಬರುತ್ತದೆ. .30-06ಕ್ಕೆ ಬೇಕಾದದ್ದು ‘ಲಾರ್ಜ್ ರೈಫಲ್’. ‘ಲಾರ್ಜ್ ಪಿಸ್ತೂಲ್’ ಪ್ರೈಮರ್‌ನ ಅಗಲವೂ ಅಷ್ಟೇ ಇರುತ್ತದೆ, ನೋಡಲು ಒಂದೇ ಥರ. ಡಬ್ಬಿಯ ಹೆಸರು ನೋಡಿಯೇ ಎತ್ತಿಕೊಳ್ಳಿ.

ತೋಟಾದ ಭಾಗಗಳನ್ನು ಒತ್ತಿ ಕೂರಿಸುವ ಪ್ರೆಸ್, ಅದಕ್ಕೆ ಹಾಕುವ ಅಚ್ಚು ಅಂದರೆ ಡೈ, ಮದ್ದು ತೂಗುವ ತಕ್ಕಡಿ ಒಂದೇ ಸಲದ ಖರ್ಚು. ಕಲಿಯುವವರಿಗೆ ಒಂದೊಂದೇ ಹೆಜ್ಜೆ ಮಾಡಿಸುವ ಸಾದಾ ಪ್ರೆಸ್ ಒಳ್ಳೆಯದು. ದುಡ್ಡು ಉಳಿಸಬೇಕಾದರೆ ಬೇರೆ ಕಡೆ ಉಳಿಸಿ, ತಕ್ಕಡಿಯಲ್ಲಿ ಮಾತ್ರ ಬೇಡ.

ಬಿಲ್ ಆದ ಮೇಲೆ

ಆನ್‌ಲೈನ್‌ನಲ್ಲಿ ತರಿಸಿದರೆ ಮದ್ದು, ಪ್ರೈಮರ್‌ಗೆ ಸಾಮಾನ್ಯವಾಗಿ ಅಪಾಯಕಾರಿ ಸರಕಿನ ಸಾಗಣೆ ಅಂತ ಜಾಸ್ತಿ ಶುಲ್ಕ ಬೀಳುತ್ತದೆ. ಅಂಗಡಿಯಲ್ಲಿ ಅದು ಉಳಿಯುತ್ತದೆ. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇವನ್ನು ಬಿಟ್ಟು ಊಟಕ್ಕೆ ಹೋಗಬೇಡಿ. ಮನೆಯಲ್ಲಿ ಮದ್ದನ್ನು ಅದರದೇ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಪ್ರೈಮರ್ ಬೇರೆ ಕಪಾಟಿನಲ್ಲಿರಲಿ. ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಹುಳಿ ಘಾಟು ಬಂದರೆ ಅಥವಾ ಕೆಂಗಂದು ಹೊಗೆ ಕಂಡರೆ ಆ ಮದ್ದು ಕೆಟ್ಟಿದೆ, ಬಳಸಬೇಡಿ.

ಊರಿಗೆ ಹೊರಡುವ ಮುಂಚೆ ಬೇಟೆಗೆ ಒಯ್ದಿದ್ದ ಚೀಲದ ಪ್ರತಿ ಜೇಬನ್ನೂ ತಡವಿ ನೋಡಿ. ಮದ್ದು, ಪ್ರೈಮರ್ ವಿಮಾನದಲ್ಲಿ ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ಮರೆತು ಉಳಿದ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು.