ಒಂದೇ ಗೂಡಿನ ರಾಶಿ, ಮೂರು ಜೊತೆ ಕಣ್ಣು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಇಟ್ಟುಕೊಂಡು ಒಂದು ಸಣ್ಣಕಥೆ ಬರೆದೆ. ಇರುವುದು ಇಬ್ಬರೇ: ಗೂಡು ತಂದ ರೈತ, ಅದನ್ನು ಕೊಂಡು ನೂಲು ತೆಗೆಯುವ ರೀಲರ್. ರೈತ ರಾಶಿಯ ತಳದಲ್ಲಿ ಕಲೆ ಬಿದ್ದ ಗೂಡು ಸೇರಿಸಿದ್ದಾನೆ. ಇದನ್ನು ಯಾರ ಕಣ್ಣಿಂದ ಹೇಳಬೇಕು?

ಇಂಥ ಕಡೆ ನಾನು ಒಂದೇ ಪ್ಯಾರಾವನ್ನು ಬೇರೆ ಬೇರೆ ಥರ ಬರೆದು ನೋಡುತ್ತೇನೆ. ಮೊದಲು ರೈತನ ಕಡೆಯಿಂದ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳು ಸತ್ತಿದ್ದು, ಸೊಪ್ಪು ಸಾಲದೆ ಸಾಲ ಮಾಡಿದ್ದು ಎಲ್ಲ ಅವನಿಗೆ ಗೊತ್ತು. ರೀಲರ್ ಕೈ ತಳಕ್ಕೆ ಇಳಿದರೆ ಓದುಗರಿಗೂ ಬೆವರು. ಆಮೇಲೆ ರೀಲರ್ ಕಡೆಯಿಂದ. ಅವನಿಗೆ ಗೂಡು ಗೊತ್ತು, ಸಾಲ ಗೊತ್ತಿಲ್ಲ. ಈ ರೈತ ಟೀ ಕುಡಿಯಲೂ ರಾಶಿ ಬಿಟ್ಟು ಹೋಗುತ್ತಿಲ್ಲ, ಯಾಕೆ? ಈಗ ಅದು ಒಗಟು. ಮೂರನೆಯದು, ಇಬ್ಬರ ಮನಸ್ಸನ್ನೂ ಬಲ್ಲ ನಿರೂಪಕ. ಊರಿಗೆ ಊರೇ ಬರುವ ಕಾದಂಬರಿಗೆ ಸರಿ. ಇಲ್ಲಿ ಎರಡೂ ಗುಟ್ಟು ಒಂದೇ ಪುಟದಲ್ಲಿ ಬಯಲಾಗಿ, ಕಾಯಲು ಏನೂ ಉಳಿಯಲಿಲ್ಲ.

(ಇನ್ನೊಂದು ದಾರಿಯೂ ಇದೆ. ಮಾಲೂರು ತಾಲ್ಲೂಕಿನ ನಮ್ಮ ಮಾಸ್ತಿ ಎಷ್ಟೋ ಕಥೆಗಳಲ್ಲಿ ಯಾರೋ ಹೇಳಿದ್ದನ್ನು ಕೇಳಿಸಿಕೊಂಡವರ ಬಾಯಲ್ಲಿ ಕಥೆ ಹೇಳಿಸುತ್ತಾರೆ. ಟೀ ಅಂಗಡಿಯವನಿಂದ ಹೇಳಿಸುವ ಆಸೆ ಇತ್ತು, ಕಥೆ ಉದ್ದವಾಗುತ್ತಿತ್ತು.)

ರೈತನನ್ನೇ ಹಿಡಿದೆ. ಹರಾಜು ಈಗ ಮೊಬೈಲ್‌ನಲ್ಲಿ. ಯಾರು ಎಷ್ಟು ಹಾಕಿದರು ಅಂತ ಕೂಗು ಕೇಳಿಸಲ್ಲ, ಅವನು ರೀಲರ್ ಕೈಯನ್ನೇ ನೋಡುತ್ತಾ ನಿಲ್ಲಬೇಕು. ಕಥೆಗೆ ಅದೇ ಬೇಕಿತ್ತು. 'ನಾನು' ಅಂತ ಬರೆದರೆ ಅವನು ತನ್ನ ಪರ ವಾದ ಮಾಡಲು ಶುರು ಮಾಡುತ್ತಿದ್ದ. ಅದಕ್ಕೇ 'ಅವನು' ಇಟ್ಟುಕೊಂಡು ಒಳಗಿಂದ ಬರೆದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆ ಅನುಕೂಲ ಇದೆ. 'ಅವನ ಕೈ ನಡುಗಿತು' ಅಂದರೆ ಹೊರಗಿದ್ದೇವೆ. 'ತನ್ನ ಕೈ ನಡುಗುವುದು ಕಾಣದಿದ್ದರೆ ಸಾಕು ಅಂದುಕೊಂಡ' ಅಂದ ಕೂಡಲೇ ಒಳಗೆ.

ಗೌರವದ ರೂಪ ಇನ್ನೂ ಸೂಕ್ಷ್ಮ. ಈ ರೀಲರ್ ಹಳೇ ಪರಿಚಯ, ವಯಸ್ಸಿನಲ್ಲೂ ದೊಡ್ಡವರು. ರೈತ ಮನಸ್ಸಿನಲ್ಲೂ 'ಬಂದರು' ಅಂತಲೇ ಅನ್ನುವುದು. 'ರೀಲರ್ ಬಂದ' ಅಂತ ಬರೆದರೆ ಅಲ್ಲಿ ಮಾತಾಡುತ್ತಿರುವುದು ನಾನು! ಹಾಗಾಗಿ ಕಥೆ ಪೂರ್ತಿ ಬಹುವಚನ. ರೇಟು ಮುರಿದಾಗ ಮಾತ್ರ ಒಂದು ಸಲ 'ಹೋದ' ಅಂತ ಹಾಕಿದೆ. ರೈತನಿಗೆ ಸಿಟ್ಟು ಬಂತು ಅಂತ ಬೇರೆ ಬರೆಯಲಿಲ್ಲ.

ತಿದ್ದುವಾಗ, ರೈತನಿಗೆ ಕಾಣದ್ದು, ಕೇಳಿಸದ್ದು ಎಲ್ಲ ಹೊಡೆದುಹಾಕಿದೆ. 'ಮುಖ ಬಿಳಿಚಿತು' ಹೋಯಿತು. ತನ್ನ ಮುಖ ತನಗೆ ಕಾಣಲ್ಲ, ಅಲ್ವಾ? 'ರೀಲರ್‌ಗೆ ಅನುಮಾನ ಬಂತು' ಕೂಡ ಹೋಯಿತು. ಆ ಜಾಗದಲ್ಲಿ 'ರೀಲರ್ ಇನ್ನೊಂದು ಹಿಡಿ ಗೂಡು ತೆಗೆದರು' ಅಂತ ಬಂತು.