ಹತ್ತು ಜನರ ಮುಂದೆ ನಿಲ್ಲಿಸಬೇಡಿ: ಹಾಡಿ, ಲೈನ್‌ಮನೆ ಮಕ್ಕಳ ಒತ್ತಡ ತಗ್ಗಿಸುವ ಬಗೆ

ಕೊಡಗಿನಲ್ಲಿ ಸುಗ್ಗಿಯ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ಶುರುವಾದರೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರು ಸಾಲುಗಟ್ಟುತ್ತದೆ. ಹೆಚ್ಚಿನವು ಹಾಡಿ (ಬುಡಕಟ್ಟು ಜನರ ವಸತಿ) ಮತ್ತು ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳವು. ವಾರ ಬಿಟ್ಟು ಬಂದ ಹುಡುಗನನ್ನು ಎದ್ದು ನಿಲ್ಲಿಸಿ, "ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದು ಕೇಳುತ್ತೇವೆ. ಅವನು ಬಾಯಿ ಬಿಡುವುದಿಲ್ಲ. ಅಂಗಿಯ ತುದಿ ಹಿಂಡುತ್ತಾ ನೆಲ ನೋಡುತ್ತಾನೆ. ಅದನ್ನು ಮೊಂಡುತನ ಅಂದುಕೊಳ್ಳುವುದು ನಮ್ಮ ಮೊದಲ ತಪ್ಪು.

ಆ ಹೊತ್ತಿನಲ್ಲಿ ಅವನ ಮಿದುಳಿನಲ್ಲಿ ಭಯವನ್ನು ಗುರುತಿಸುವ ಭಾಗವಾದ ಅಮಿಗ್ಡಲಾ ಅಪಾಯದ ಗಂಟೆ ಬಾರಿಸಿರುತ್ತದೆ. ಸೆಕೆಂಡುಗಳಲ್ಲಿ ಅಡ್ರಿನಲಿನ್ ಏರಿ ಎದೆ ಬಡಿದುಕೊಳ್ಳುತ್ತದೆ. ಹಿಂದೆಯೇ ಮಿದುಳಿನ ಹೈಪೊಥಾಲಮಸ್‌ನಿಂದ ಪಿಟ್ಯುಟರಿಗೆ, ಅಲ್ಲಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿ ರಕ್ತಕ್ಕೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಸೇರುತ್ತದೆ. ಇದು ಅತಿ ಹೆಚ್ಚಾಗುವುದು ಸುಮಾರು 20–30 ನಿಮಿಷಕ್ಕೆ, ಇಳಿಯಲು ಇನ್ನೂ ಹೊತ್ತು ಬೇಕು. ಮೊದಲ ಪಿರಿಯಡ್‌ನಲ್ಲಿ ಅವಮಾನವಾದರೆ ಎರಡನೆಯ ಪಿರಿಯಡ್‌ನ ಗಣಿತವೂ ತಲೆಗೆ ಹೋಗುವುದಿಲ್ಲ. 2004ರಲ್ಲಿ ಡಿಕರ್ಸನ್ ಮತ್ತು ಕೆಮಿನಿ ಎಂಬ ಸಂಶೋಧಕರು 208 ಪ್ರಯೋಗಾಲಯ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ನಾಲ್ಕು ಜನ ತನ್ನನ್ನು ಅಳೆಯುತ್ತಿದ್ದಾರೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂಬ ಎರಡೂ ಸೇರಿದಾಗ ಕಾರ್ಟಿಸಾಲ್ ಅತಿ ಹೆಚ್ಚು ಏರುತ್ತಿತ್ತು.

ಒಮ್ಮೆ ಏರಿ ಇಳಿದರೆ ತೊಂದರೆಯಿಲ್ಲ. ಮುಂಗಡದ ಸಾಲ, ಕುಡಿತದ ಜಗಳ, ದಾರಿಯಲ್ಲಿ ಆನೆ ಇದೆಯೋ ಇಲ್ಲವೋ ಎಂಬ ಭಯ, ಮನೆಯಲ್ಲಾಡುವ ಎರವ ಬುಡಕಟ್ಟಿನ ಭಾಷೆ ಕೇಳಿ ನಗುವ ತರಗತಿ, ಇವೆಲ್ಲ ದಿನವೂ ಬಂದರೆ ಈ ಒತ್ತಡ ವ್ಯವಸ್ಥೆಯ ಬ್ರೇಕು ಸವೆಯುತ್ತದೆ. ಆ ಬ್ರೇಕು ಎಂದರೆ ನೆನಪಿನ ಭಾಗವಾದ ಹಿಪೊಕ್ಯಾಂಪಸ್ ಮತ್ತು ಹಣೆಯ ಹಿಂದಿನ ಮಿದುಳು. ಹಣೆಯ ಹಿಂದಿನ ಭಾಗವಂತೂ ಬಲಿಯುವುದು 25ರ ಆಸುಪಾಸಿಗೆ. ಕೆಲವರಲ್ಲಿ ಕಾರ್ಟಿಸಾಲ್ ಸದಾ ಹೆಚ್ಚಿದ್ದು ನಿದ್ದೆ ಕೆಡುತ್ತದೆ, ಸಿಟ್ಟು ಬೇಗ ಬರುತ್ತದೆ. ಇನ್ನು ಕೆಲವರಲ್ಲಿ ವ್ಯವಸ್ಥೆಯೇ ಮಂಕಾಗಿ, ಬೈದರೂ ಹೊಗಳಿದರೂ ಒಂದೇ ಮುಖ. ಈ ಎರಡನೆಯ ಮಗು ಗಲಾಟೆ ಮಾಡುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಚ್ಚು ಕಾಳಜಿ ಬೇಕಾದದ್ದು ಅದಕ್ಕೇ.

ಮೊದಲು ದೇಹ ನೋಡಿ. ರಕ್ತಹೀನತೆಯ ಸುಸ್ತೂ ಖಿನ್ನತೆಯ ಸುಸ್ತೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಜೊತೆಗೆ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಕಾಯಿಲೆ) ಪರೀಕ್ಷೆಯನ್ನೂ ಕೇಳಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಊಟದ ನಂತರ ನುಂಗಿಸಿ, ಆಮೇಲೆ ಒಂದು ಗಂಟೆ ಕಾಫಿ, ಟೀ ಬೇಡ. ನಮ್ಮಲ್ಲಿ ಬೆಲ್ಲದ ಕರಿಕಾಫಿ ಮಕ್ಕಳಿಗೂ ರೂಢಿ, ಅದು ದೇಹ ಕಬ್ಬಿಣ ಹೀರುವುದನ್ನು ತಗ್ಗಿಸುತ್ತದೆ. ಸಿಕಲ್ ಸೆಲ್ ಇದ್ದರೆ ವೈದ್ಯರನ್ನು ಕೇಳದೆ ಕಬ್ಬಿಣ ಕೊಡಬಾರದು.

ಆಮೇಲೆ ನಿದ್ದೆ. 13ರಿಂದ 18ರವರಿಗೆ 8–10 ಗಂಟೆ ಬೇಕು. ಓದಿಸಲೆಂದು ಹಾಸ್ಟೆಲ್‌ನಲ್ಲಿ ಬೆಳಿಗ್ಗೆ 4:30ಕ್ಕೆ ಎಬ್ಬಿಸುವುದನ್ನು ನಿಲ್ಲಿಸಿ. ರಾತ್ರಿ 9:30ಕ್ಕೆ ದೀಪ ಆರಿಸಿ 6ಕ್ಕೆ ಎಬ್ಬಿಸಿದರೆ ಎಂಟೂವರೆ ಗಂಟೆಯಾಯಿತು.

ಇನ್ನು ಮುಖ್ಯವಾದದ್ದು: ಅವಮಾನದ ಸಂದರ್ಭಗಳನ್ನೇ ತೆಗೆದುಹಾಕುವುದು. ಸ್ಕಾಲರ್‌ಶಿಪ್ಪಿನ, ಜಾತಿ ಪ್ರಮಾಣಪತ್ರ ತರಬೇಕಾದವರ ಹೆಸರುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ, ಚೀಟಿ ಬರೆದು ಕೊಡಿ. ಗೈರಾದ ಮಗು ಬಂದ ದಿನವೇ ಮೂರು ನಿಮಿಷ ಮಾತಾಡಿ. ಎದುರು ನಿಲ್ಲದೆ ಪಕ್ಕದಲ್ಲಿ ಕುಳಿತು, "ಬಂದೆಯಲ್ಲ, ಒಳ್ಳೇದಾಯ್ತು. ಯಾವ ಪಾಠದಿಂದ ಶುರು ಮಾಡೋಣ?" ಎಂದಷ್ಟೇ ಕೇಳಿ. ಆಯ್ಕೆ ಅದರದ್ದಾಗಲಿ. ಸ್ಟಾಫ್ ರೂಮಿಗೆ ಕರೆಸಿ ಕೇಳಿದರೆ ಕೆಲಸ ಕೆಡುತ್ತದೆ, ಅಲ್ಲಿ ಮತ್ತೆ ನಾಲ್ಕು ಜೊತೆ ಕಣ್ಣುಗಳಿರುತ್ತವೆ.

ಜೊತೆಗೆ 14 ದಿನ ಒಂದು ಪುಟ್ಟ ನೋಟ್‌ಬುಕ್ ಇಡಿ. ಮಲಗಿದ ಹೊತ್ತು, ಎದ್ದ ಹೊತ್ತು, ಬೆಳಗಿನ ತಿಂಡಿ ತಿಂದಿತೋ ಇಲ್ಲವೋ, ತಲೆನೋವು ಹೊಟ್ಟೆನೋವು ಯಾವ ದಿನ. ನೋವು ಪ್ರತಿ ಸೋಮವಾರವೇ ಬರುತ್ತಿದ್ದರೆ ಭಾನುವಾರ ಮನೆಯಲ್ಲಿ ಏನಾಗುತ್ತದೆಂದು ಮೆಲ್ಲಗೆ ವಿಚಾರಿಸಿ.

ಉಸಿರಾಟದ ಅಭ್ಯಾಸವೂ ಉಪಯುಕ್ತ: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ. ಹೊರಬಿಡುವ ಉಸಿರು ಉದ್ದವಾದಾಗ ಮಿದುಳಿನಿಂದ ಎದೆಗಿಳಿಯುವ ವೇಗಸ್ ನರ ಎದೆಬಡಿತವನ್ನು ತಗ್ಗಿಸುತ್ತದೆ. ಬೈದ ಮರುಕ್ಷಣ ಇದನ್ನು ಮಾಡಿಸಿದರೆ ಅದೂ ಶಿಕ್ಷೆಯೇ ಆಗುತ್ತದೆ. ಕಣ್ಣು ಮುಚ್ಚಲು ಒತ್ತಾಯ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಚಿಕ್ಕವರಿದ್ದಾಗ ಕಂಡವರಿಗೆ, ಕತ್ತಲೆಯಲ್ಲಿ ಜೋರು ಮಳೆಯ ಸದ್ದೊಂದೇ ಸಾಕು, ಭಯ ಮರುಕಳಿಸುತ್ತದೆ.

ಮಂಕು, ಸಿಟ್ಟು, ನಿದ್ದೆಗೇಡು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡಿದ್ದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕದ ಡಬ್ಬಗಳನ್ನು ಬೀಗ ಹಾಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೇ ಹಿಂಸೆಯಿದ್ದರೆ ಮಕ್ಕಳ ಸಹಾಯವಾಣಿ 1098. ಮೊದಲ ಕರೆಯನ್ನು ಮಗುವಿನ ಪಕ್ಕದಲ್ಲಿ ಕುಳಿತು ನೀವೇ ಮಾಡಿ. ಮಡಿಕೇರಿಯ ಆಸ್ಪತ್ರೆಗೆ ಕಳಿಸುವಾಗ ಬಸ್ ಚಾರ್ಜನ್ನೂ ತಾಯಿಯ ಒಂದು ದಿನದ ಕೂಲಿಯನ್ನೂ ಮೊದಲೇ ಲೆಕ್ಕ ಹಾಕಿ. ಎರಡನೆಯ ಭೇಟಿ ತಪ್ಪಿಹೋಗುವುದು ಬಹುತೇಕ ಇದರಿಂದಲೇ.